ಬೇಸ್ ಗಿಟಾರ್ ಫ್ರೆಟ್‌ಬೋರ್ಡ್‌ಗೆ ಮಿಂಚು ಬೇಕಾ? ಎಣ್ಣೆ, ಅರಗು, ಪಿಯು, ಸೂಪರ್ ಗ್ಲೂ, ಎಪಾಕ್ಸಿ: ಯಾವುದು ಯಾರಿಗೆ

ಹೊಸ ಬೇಸ್ ತಂದು ಎರಡು ತಿಂಗಳಾಗಿತ್ತು. ಬಾಡಿ ಫಳಫಳ ಅಂತಿತ್ತು, ಫ್ರೆಟ್‌ಬೋರ್ಡ್ (ಬೆರಳೊತ್ತುವ ಉದ್ದನೆ ಮರದ ಪಟ್ಟಿ) ಮಾತ್ರ ಬೂದಿ ಬಳಿದ ಹಾಗೆ ಮಂಕು. ತಪ್ಪು ನನ್ನದೇ. ದಾವಣಗೆರೆಯಲ್ಲಿ ಆರ್ಕೆಸ್ಟ್ರಾ ಮುಗಿಸಿ, ವೈರೆಲ್ಲ ಸುತ್ತಿಟ್ಟು, ಮಂಡಕ್ಕಿ ಮಿರ್ಚಿ ತಿನ್ನದೆ ಮನೆಗೆ ಹೋಗುವವರು ಯಾರಿದ್ದಾರೆ ಹೇಳಿ. ತಿಂದ ಕೈಯನ್ನು ಪೇಪರಿಗೆ ಒರೆಸಿಕೊಂಡು, "ಆ ಲೈನ್ ಹೀಗಲ್ವಾ?" ಅಂತ ಮತ್ತೆ ಗಿಟಾರ್ ಎತ್ತಿಕೊಳ್ಳುತ್ತೇವೆ. ಮಿರ್ಚಿ ಎಣ್ಣೆ, ಬೆವರು, ಸ್ಟೇಜಿನ ಧೂಳು ಸೇರಿ ಒಂದೊಂದು ಫ್ರೆಟ್ಟಿನ, ಅಂದರೆ ಬೋರ್ಡಿಗೆ ಅಡ್ಡ ಕೂರಿಸಿದ ಲೋಹದ ಪಟ್ಟಿಯ, ಬುಡದಲ್ಲೂ ಕರಿ ಗೆರೆ ಕಟ್ಟುತ್ತೆ.

ಇದಕ್ಕೆ ಮೇಲೊಂದು ಗ್ಲಾಸಿ ಕೋಟ್ ಹೊಡೆಸಿಬಿಟ್ಟರೆ ಒರೆಸಿದರೆ ಸಾಕಲ್ಲ ಅನ್ನಿಸಿತು. ಬಾಗಿಲು, ಮಂಚಕ್ಕೆ ಪಾಲಿಶ್ ಮಾಡುವ ಅಣ್ಣನ ಹತ್ತಿರ ಒಯ್ದೆ. ಅವನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕ್ಯಾಕ್ರೀ ಪಾಲಿಶ್? ಚೆನ್ನಾಗೇ ಐತಲ್ಲ" ಅಂದ. ಆವತ್ತೇ ಅವನ ಮಾತು ಕೇಳಿದ್ದರೆ ಈ ಬರಹ ಇರುತ್ತಿರಲಿಲ್ಲ.

ಆಮೇಲೆ ಎರಡು ಗಿಟಾರ್ ಮೇಲೆ, ಅದಕ್ಕಿಂತ ಜಾಸ್ತಿ ಮರದ ತುಂಡುಗಳ ಮೇಲೆ ಪ್ರಯೋಗ ಮಾಡಿದ್ದೇನೆ. ಕೊಂಡ ಮೇಲೆ ಫ್ರೆಟ್‌ಬೋರ್ಡ್‌ಗೆ ಮಿಂಚು ಕೊಡಲು ನಮಗೆ ಇಲ್ಲಿ ಸಿಗುವ ದಾರಿಗಳು ಯಾವುವು, ಯಾವುದು ಯಾವ ಗಿಟಾರ್‌ಗೆ ಸರಿ ಅನ್ನೋದು ಮುಂದಿದೆ.

ಮೊದಲು ಗಿಟಾರ್ ನೋಡಿ, ಡಬ್ಬಿ ಆಮೇಲೆ

ಹಾರ್ಡ್‌ವೇರ್ ಅಂಗಡಿಗೆ ಹೋಗುವ ಮುಂಚೆ ಎರಡು ವಿಷಯ ಗೊತ್ತಿರಬೇಕು. ನಿಮ್ಮ ಬೇಸ್‌ಗೆ ಫ್ರೆಟ್ ಇದೆಯಾ, ಇಲ್ಲವಾ? ಬೋರ್ಡಿನ ಮರ ಯಾವುದು?

ಫ್ರೆಟ್ ಇರುವ ಬೇಸ್‌ನಲ್ಲಿ ತಂತಿ ನಿಲ್ಲುವುದು ಲೋಹದ ಮೇಲೆ. ಮರದ ಮೇಲಲ್ಲ. ದಪ್ಪ ಇ ತಂತಿ ಸಾಮಾನ್ಯವಾಗಿ 0.105 ಇಂಚು, ಅಂದರೆ ಎರಡೂವರೆ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅದರ ಕೆಳಗೆ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಎತ್ತರದ ಫ್ರೆಟ್. ನಿಮ್ಮ ಬೆರಳು ಮರಕ್ಕೆ ತಾಗುವುದೇ ಅಪರೂಪ. ತೆಳು ಜಿ ತಂತಿಯ ಕಡೆ ಒಂಚೂರು ತಾಗಬಹುದು. ಹಾಗಾಗಿ ಫ್ರೆಟ್ ಇರುವ ಬೇಸ್‌ಗೆ ಹೊಳಪು ಕೊಟ್ಟರೆ ಸದ್ದು ಬದಲಾಗುತ್ತೆ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆ ಅಲ್ಲಾಡಿಸಿ, ನಂಬಬೇಡಿ. ಅದು ಕಣ್ಣಿಗೆ, ಮತ್ತೆ ಒರೆಸುವ ಸುಲಭಕ್ಕೆ.

ಫ್ರೆಟ್‌ಲೆಸ್ ಕತೆಯೇ ಬೇರೆ. ಅಲ್ಲಿ ತಂತಿ ನೇರವಾಗಿ ಮರಕ್ಕೇ ಒತ್ತುತ್ತೆ. ರೌಂಡ್‌ವೂಂಡ್ ತಂತಿಯ (ಮೇಲೆ ಗುಂಡು ತಂತಿ ಸುತ್ತಿದ್ದು) ಮೈ ಅರದ ಹಾಗಿರುತ್ತೆ. ಬೆರಳು ನಡುಗಿಸಿದ ಪ್ರತಿ ಸಲವೂ ಮರವನ್ನು ಒಂದಿಷ್ಟು ತಿನ್ನುತ್ತೆ. ಮೇಲೆ ಗಟ್ಟಿ ಪದರ ಇದ್ದರೆ ಮರ ಉಳಿಯುತ್ತೆ, ಸದ್ದೂ ಗಟ್ಟಿಯಾಗಿ, ಸ್ವಲ್ಪ ಚೂಪಾಗಿ, ಉದ್ದಕ್ಕೆ ಹಾಡುತ್ತೆ. ಅಮೆರಿಕದ ಹೆಸರಾಂತ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್, ಫ್ರೆಟ್ ತೆಗೆದ ತಮ್ಮ 1962ರ ಫೆಂಡರ್ ಜಾಝ್ ಬೇಸ್‌ಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದು ಇದಕ್ಕೇ. ಅವರು ಬಳಸುತ್ತಿದ್ದದ್ದು ರೌಂಡ್‌ವೂಂಡ್ ತಂತಿ. ಬರೀ ರೋಸ್‌ವುಡ್ ಅದರ ಏಟು ತಡೆಯುತ್ತಿರಲಿಲ್ಲ.

ಇನ್ನು ಮರ. ಮೇಪಲ್ ಬೋರ್ಡ್ ಆಗಿದ್ದರೆ, ತೆಳು ಕೆನೆ ಬಣ್ಣ ಇರುತ್ತೆ, ಅದರ ಮೇಲೆ ಕಂಪನಿಯೇ ಕೋಟ್ ಹೊಡೆದಿರುತ್ತೆ. ಮೇಪಲ್ ಬರೀ ಮೈಯಲ್ಲಿದ್ದರೆ ಕೊಳೆ ಹೀರಿ ಬೂದು ಬಣ್ಣಕ್ಕೆ ತಿರುಗುತ್ತೆ, ಅದಕ್ಕೆ. ರೋಸ್‌ವುಡ್ ಮತ್ತು ಎಬೊನಿಯನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ, ಮರದೊಳಗಿನ ಎಣ್ಣೆಯೇ ಅದಕ್ಕೆ ಕಾವಲು. ಹಾಗಂತ ಬಿಡಲೇಬೇಕು ಅಂತೇನಿಲ್ಲ. ರಿಕನ್‌ಬ್ಯಾಕರ್ ಕಂಪನಿಯ ಹಳೇ ಬೇಸ್‌ಗಳಲ್ಲಿ ರೋಸ್‌ವುಡ್ ಮೇಲೂ ಗಾಜಿನಂಥ ಲ್ಯಾಕರ್ ಇದೆ.

ಇಲ್ಲೊಂದು ಖುಷಿಯ ಮಾತು. ಇಂಡಿಯನ್ ರೋಸ್‌ವುಡ್ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತಲ್ಲ, ಅದು ನಮ್ಮ ಬೀಟೆ. 2017ರಲ್ಲಿ ಬೀಟೆಯ ಇಡೀ ಜಾತಿಯನ್ನು ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ತಂದರು. ಆಗ ಕಡಿಮೆ ಬೆಲೆಯ ಗಿಟಾರ್ ಮಾಡುವವರು ಬೇರೆ ಮರ ಹುಡುಕಿದರು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕರೂ ಆ ಬೇರೆ ಮರಗಳು ಉಳಿದುಕೊಂಡವು. ಅದರಲ್ಲೊಂದು ಇಂಡಿಯನ್ ಲಾರೆಲ್. ಹೆಸರು ಕೇಳಿ ನಾನು ಏನೋ ವಿದೇಶಿ ಮರ ಅಂದುಕೊಂಡಿದ್ದೆ. ನೋಡಿದರೆ ನಮ್ಮ ಮತ್ತಿ ಮರ! ಮನೆ ಕಟ್ಟುವವರು ಬಾಗಿಲು ಚೌಕಟ್ಟಿಗೆ ಕೇಳುತ್ತಾರಲ್ಲ, ಅದೇ. ನನ್ನ ಹೊಸ ಬೇಸ್ ಮೇಲಿದ್ದದ್ದೂ ಅದೇ. ಸಾಮಿಲ್‌ಗೆ ಹೋಗಿ ಮತ್ತಿಯ ಕಟಿಂಗ್ ತುಂಡು ನಾಲ್ಕು ಕೇಳಿದೆ, ದುಡ್ಡೂ ತೆಗೆದುಕೊಳ್ಳಲಿಲ್ಲ. ಅಮೆರಿಕದವನಿಗೆ ಈ ಭಾಗ್ಯ ಇಲ್ಲ.

ಆ ತುಂಡುಗಳೇ ನನ್ನ ಗುರು. ನೀವೂ ಮೊದಲು ತುಂಡಿನ ಮೇಲೆ ಮಾಡಿ. ಅದೇ ಮರ, ಅದೇ ಎಣ್ಣೆ, ಅದೇ ಕೋಟ್. ಒಂದು ವಾರ ಬಿಟ್ಟು ಉಗುರಲ್ಲಿ ಒತ್ತಿ ನೋಡಿ, ಹಳೇ ತಂತಿಯ ತುದಿಯಲ್ಲಿ ಗೀರಿ ನೋಡಿ.

ಎಣ್ಣೆ ಮತ್ತು ಉಜ್ಜು: ಕೋಟ್ ಇಲ್ಲದ ಹೊಳಪು

ಫ್ರೆಟ್ ಇರುವ, ಬೀಟೆ ಅಥವಾ ಮತ್ತಿ ಬೋರ್ಡ್ ಇರುವ ಬೇಸ್ ನಿಮ್ಮದಾದರೆ ನನ್ನ ಓಟು ಇದಕ್ಕೇ. ಇಷ್ಟು ಓದಿ ಇಲ್ಲಿಗೇ ನಿಲ್ಲಿಸಿದರೂ ಬೇಜಾರಿಲ್ಲ.

ತಂತಿ ಬಿಚ್ಚಿ. ಪಿಕಪ್ (ತಂತಿಯ ಸದ್ದು ಹಿಡಿಯುವ ಅಯಸ್ಕಾಂತದ ಪೆಟ್ಟಿಗೆ) ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಪೇಪರ್ ಬದಲು ಸ್ಟೀಲ್ ವುಲ್ ಬಳಸುವವರಿಗಂತೂ ಅದರ ಚೂರೆಲ್ಲ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತೆ, ಆಮೇಲೆ ಕೀಳುವ ಕಷ್ಟ ಬೇಡ. ಫ್ರೆಟ್ ಪಕ್ಕದ ಕೊಳೆಯನ್ನು ಹಳೇ ಎಟಿಎಂ ಕಾರ್ಡಿನ ಅಂಚಲ್ಲಿ ಕೆರೆಯಿರಿ. ಕಾರು ಪೇಂಟ್ ಮಾಡುವವರು ಬಳಸುವ ವಾಟರ್ ಪೇಪರ್ ತಂದು, 800, 1000, 1500, 2000 ಅಂತ ಏರುತ್ತಾ, ಮರದ ನಾರು ಓಡುವ ದಿಕ್ಕಿನಲ್ಲಿ, ಒಂದೊಂದು ಫ್ರೆಟ್ ನಡುವೆ ನಾಲ್ಕಾರು ಸಲ ಉಜ್ಜಿ. ನೀರು ಬೇಡ, ಒಣಗಿದ್ದೇ ಸಾಕು. 2000ಕ್ಕೆ ಬರುವ ಹೊತ್ತಿಗೆ ಮರ ತಾನೇ ಮಿನುಗಲು ಶುರುವಾಗುತ್ತೆ. ಆಮೇಲೆ ಗಿಟಾರ್ ಅಂಗಡಿಯಲ್ಲಿ ಸಿಗುವ ಫ್ರೆಟ್‌ಬೋರ್ಡ್ ಆಯಿಲ್ ನಾಲ್ಕು ಹನಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ.

ಮನೆಯಲ್ಲಿ ಅಮ್ಮ "ಕೊಬ್ಬರಿ ಎಣ್ಣೆ ಹಚ್ಚೋ" ಅನ್ನುತ್ತಾರೆ. ಹಚ್ಚಬೇಡಿ. ಅಡುಗೆ ಎಣ್ಣೆಗಳು ಮರದೊಳಗೆ ಉಳಿದು ಕಮಟು ವಾಸನೆ ಬರುತ್ತೆ, ಜಿಡ್ಡು ಕಟ್ಟುತ್ತೆ.

ಇದು ಗಾಜಿನ ಹೊಳಪಲ್ಲ, ನಿಜ. ಚೆನ್ನಾಗಿ ಉಜ್ಜಿದ ಹಳೇ ಮನೆಯ ಕಂಬದ ಹೊಳಪು. ವರ್ಷಕ್ಕೆರಡು ಸಲ ಮಾಡಿದರಾಯಿತು. ದಾವಣಗೆರೆ ಬೇಸಿಗೆಗೆ ಇನ್ನೊಂದು ಲಾಭವೂ ಇದೆ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋದಾಗ ಮರ ಒಣಗಿ ಕುಗ್ಗುತ್ತೆ, ಫ್ರೆಟ್ ತುದಿ ಹೊರಗೆ ಬಂದು ಅಂಗೈಗೆ ಚುಚ್ಚುತ್ತೆ. ಎಣ್ಣೆ ಅದನ್ನು ಪೂರ್ತಿ ತಡೆಯಲ್ಲ, ಆದರೆ ನಿಧಾನ ಮಾಡುತ್ತೆ.

ಒಂದೇ ಎಚ್ಚರ: ಮುಂದೆ ಯಾವತ್ತಾದರೂ ಕೋಟ್ ಹೊಡೆಸುವ ಆಸೆ ಇದ್ದರೆ ಈಗ ಎಣ್ಣೆ ಹಚ್ಚಬೇಡಿ. ಎಣ್ಣೆ ಕುಡಿದ ಮರದ ಮೇಲೆ ಕೋಟ್ ಸರಿಯಾಗಿ ಹಿಡಿಯಲ್ಲ.

ಅರಗು

ಪಾಲಿಶ್‌ನವರು ಚಪಡಾ ಅನ್ನುತ್ತಾರೆ. ಹುಳು ಮಾಡುವ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆ ಉಂಡೆಯಲ್ಲಿ ಉಜ್ಜುವುದು. ಪಾಂಡವರನ್ನು ಸುಡಲು ಕಟ್ಟಿದ್ದ ಮನೆ ಇದರದ್ದೇ. ಅಗ್ಗ, ನಿಮಿಷಗಳಲ್ಲಿ ಒಣಗುತ್ತೆ, ಬಣ್ಣಕ್ಕೆ ಜೇನಿನ ಬೆಚ್ಚಗೆ ಬರುತ್ತೆ. ನೋಡಲು ಇದಕ್ಕಿಂತ ಚೆಂದದ್ದು ಇಲ್ಲ ಅಂತ ನನಗನ್ನಿಸುತ್ತೆ.

ಆದರೆ ಬೆವರಿಗೆ ಸೋಲುತ್ತೆ. ಸ್ಯಾನಿಟೈಸರ್ ಹಚ್ಚಿದ ಕೈ ತಾಗಿದರೆ ಅಲ್ಲಿ ಅಂಟಂಟು, ಯಾಕಂದರೆ ಸ್ಪಿರಿಟ್‌ನಲ್ಲಿ ಕರಗಿದ್ದು ಸ್ಪಿರಿಟ್‌ನಲ್ಲೇ ಕರಗುತ್ತೆ. ನಾಲ್ಕು ಗಂಟೆ ಸ್ಟೇಜ್ ಮೇಲೆ ನಿಲ್ಲುವ ಗಿಟಾರ್‌ಗೆ ಒಂದೇ ಹೊದಿಕೆಯಾಗಿ ಇದು ಸಾಲದು. ಇದರ ನಿಜವಾದ ಕೆಲಸ ಬೇರೆ ಇದೆ, ಈಗ ಹೇಳುತ್ತೇನೆ.

ಬಟ್ಟೆಯಲ್ಲಿ ಒರೆಸುವ ಪಿಯು, ಮತ್ತೆ ನನ್ನ ಎಡವಟ್ಟು

ಪಿಯು ಅಂದರೆ ಪಾಲಿಯುರಿಥೇನ್ ವಾರ್ನಿಶ್. ಇದು ಡಬ್ಬಿ ತೆರೆದು ಹಾಗೇ ಬಳಿಯುವ ಸಿಂಗಲ್ ಪ್ಯಾಕ್. ಟಚ್‌ವುಡ್ ಅಂತ ಕೇಳಿದರೆ ಎಲ್ಲ ಪೇಂಟ್ ಅಂಗಡಿಯವರಿಗೂ ಗೊತ್ತು. ಅದರದ್ದೇ ಥಿನ್ನರ್ ಸ್ವಲ್ಪ ಬೆರೆಸಿ, ನೂಲು ಬಿಡದ ಬಟ್ಟೆಯಲ್ಲಿ ತೆಳ್ಳಗೆ ಒರೆಸುತ್ತಾ ಹೋಗಬಹುದು. ಮನೆಯಲ್ಲೇ ಮಾಡುವವರಿಗೆ ಇದು ಸುಲಭದ ದಾರಿ. ಮೇಪಲ್ ಬೋರ್ಡಿನ ಹಳೇ ಕೋಟ್ ಸವೆದು ಹೋಗಿದ್ದರೆ, ಅಲ್ಲಿಗೆ ತೇಪೆ ಹಾಕಲು ಇದೇ ಸರಿ.

ಬೀಟೆಯ ಮೇಲೆ ಮಾತ್ರ ಇದು ಕೈ ಕೊಡಬಹುದು. ಬೀಟೆಯ ಜಾತಿಯ ಮರಗಳಲ್ಲಿ ಇರುವ ಕೆಲವು ರಸಗಳು ಎಣ್ಣೆ ಆಧಾರದ ವಾರ್ನಿಶ್ ಒಣಗುವುದನ್ನೇ ತಡೆಯುತ್ತವೆ. ಇಂಥ ವಾರ್ನಿಶ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು, ಆ ರಸ ಅದಕ್ಕೆ ಅಡ್ಡ ನಿಲ್ಲುತ್ತೆ. ನನ್ನ ಹಳೇ ಬೇಸ್ ಬೋರ್ಡ್ ಬೀಟೆಯದ್ದು. ಕೊನೇ ಫ್ರೆಟ್ ಆಚೆಗಿನ ಒಂದಿಂಚು ಜಾಗದಲ್ಲಿ ಮೊದಲು ಬಳಿದು ನೋಡಿದೆ, ಪುಣ್ಯಕ್ಕೆ. ಮೂರು ದಿನ ಆದಮೇಲೂ ಬೆರಳಿಟ್ಟರೆ ಬೆಲ್ಲದ ಪಾಕ ಮುಟ್ಟಿದ ಹಾಗೆ ಎಳೆ ಬರುತ್ತಿತ್ತು. ಆರನೇ ದಿನ ಅದರ ಮೇಲೆ ಒಂದು ಸೊಳ್ಳೆ ಸಮಾಧಿಯಾಗಿತ್ತು. ಕೆರೆದು ತೆಗೆದೆ.

ಇಲ್ಲೇ ಅರಗಿನ ಕೆಲಸ. ಮೊದಲು ಮೇಣ ತೆಗೆದ ಅರಗು ಎರಡು ತೆಳು ಕೋಟ್ ಕೊಟ್ಟರೆ ಮರದ ರಸಕ್ಕೂ ಪಿಯುಗೂ ನಡುವೆ ಗೋಡೆ ಆಗುತ್ತೆ. ಮೇಣ ಇರುವ ಸಾದಾ ಚಪಡಾ ಬೇಡ, ಅದರ ಮೇಲೆ ಪಿಯು ಸರಿಯಾಗಿ ಕೂರಲ್ಲ. ಬಾಟಲಿಯನ್ನು ಅಲ್ಲಾಡಿಸದೆ ಕೆಲವು ದಿನ ಇಟ್ಟರೆ ಮೇಣ ಕೆಳಗಿಳಿಯುತ್ತೆ, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ.

ಮತ್ತಿಯ ಮೇಲೆ ಪಿಯು ಮಾರನೇ ದಿನಕ್ಕೆ ಒಣಗಿತು. ಹೊಳೆಯಿತು ಕೂಡ. ಆದರೆ ಮತ್ತಿಯ ನಾರಿನ ಸಣ್ಣ ಸಣ್ಣ ತೂತು ತುಂಬದೆ, ಬೆಳಕಿಗೆ ಹಿಡಿದರೆ ಮಳೆ ಹನಿ ಬಿದ್ದ ಧೂಳಿನ ಹಾಗೆ ಕಂಡಿತು. ಗಾಜಿನಂತೆ ಆಗಬೇಕಾದರೆ ಮೊದಲು ತೂತು ತುಂಬಬೇಕು. ಅದಕ್ಕೆ ಸೂಪರ್ ಗ್ಲೂ ಇಲ್ಲವೇ ಎಪಾಕ್ಸಿ.

ಅಂಗಡಿಯಲ್ಲಿ ಸ್ಪ್ರೇ: ಎನ್‌ಸಿ, ಮೆಲಮೈನ್, ಡಬಲ್ ಪ್ಯಾಕ್ ಪಿಯು

ಫರ್ನಿಚರ್ ಪಾಲಿಶ್‌ನವರ ಹತ್ತಿರ ಈ ಮೂರೂ ಇರುತ್ತೆ. ಎನ್‌ಸಿ ಅಂದರೆ ನೈಟ್ರೊಸೆಲ್ಯುಲೋಸ್ ಲ್ಯಾಕರ್. ಹಳೇ ಕಾಲದ ಫೆಂಡರ್‌ಗಳ ಮೇಲೆ ಇದ್ದದ್ದು ಇದೇ. ತೆಳು, ಬೇಗ ಒಣಗುತ್ತೆ, ಬೇಗ ಸವೆಯುತ್ತೆ. ಮಳೆಗಾಲದ ತೇವದಲ್ಲಿ ಹೊಡೆದರೆ ಬಿಳಿ ಮಂಜು ಕವಿಯುತ್ತೆ. ಮೆಲಮೈನ್ ಅದಕ್ಕಿಂತ ಗಟ್ಟಿ, ವಾಸನೆ ಮೂಗಿಗೆ ಹೊಡೆಯುತ್ತೆ. ಡಬಲ್ ಪ್ಯಾಕ್ ಪಿಯು, ಅಂದರೆ ಹಾರ್ಡನರ್ ಬೆರೆಸಿ ಬಳಸುವುದು, ಎಲ್ಲಕ್ಕಿಂತ ಗಟ್ಟಿ ಮತ್ತು ಮಿಂಚು. ಕಾರಿನ ಕ್ಲಿಯರ್ ಕೋಟ್ ಇದರದ್ದೇ ನೆಂಟ.

ಡಬಲ್ ಪ್ಯಾಕ್ ಪಿಯುವನ್ನು ಮನೆಯಲ್ಲಿ ಸ್ಪ್ರೇ ಮಾಡಲೇಬೇಡಿ. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತೆ. ಆ ಮಂಜು ಉಸಿರಾಟಕ್ಕೆ ಹೋದರೆ ಆಸ್ತಮಾ ಬರಬಹುದು. ಬಟ್ಟೆ ಮಾಸ್ಕ್ ಏನೂ ತಡೆಯಲ್ಲ.

ಕೊಡುವುದಾದರೆ ನೆಕ್ (ಫ್ರೆಟ್‌ಬೋರ್ಡ್ ಇರುವ ಕತ್ತು) ಬಿಚ್ಚಿ ಕೊಡಿ. ಹೆಚ್ಚಿನ ಬೇಸ್‌ಗಳಲ್ಲಿ ನಾಲ್ಕು ಸ್ಕ್ರೂ ಅಷ್ಟೇ, ಬಾಡಿ ಮನೆಯಲ್ಲಿರಲಿ. ನಾನು ಇಡೀ ಗಿಟಾರ್ ಕೊಟ್ಟಿದ್ದೆ. ಮೊದಲು ಹೋದ ಅಣ್ಣನ ಹತ್ತಿರ ಅಲ್ಲ, ಇನ್ನೊಂದು ಕಡೆ. ಮರಕ್ಕೆ ಹಿಂದೆ ಲೆಮನ್ ಆಯಿಲ್ ಹಚ್ಚಿದ್ದೆ ಅಂತ ಹೇಳಲು ಮರೆತೆ, ಅವರೂ ಕೇಳಲಿಲ್ಲ. ವಾಪಸ್ ಬಂದಾಗ ಕೋಟ್ ತುಂಬಾ ಮೀನಿನ ಕಣ್ಣಿನಂಥ ಗುಂಡು ಗುಂಡು ಹಳ್ಳ. ಫ್ರೆಟ್ ಮೇಲೂ ಹೊಡೆದಿದ್ದರು. ಅದು ತಪ್ಪಲ್ಲ, ಮೇಪಲ್ ಬೋರ್ಡ್‌ಗೆ ಗಿಟಾರ್ ಕಂಪನಿಯವರೂ ಫ್ರೆಟ್ ಮೇಲೇ ಹೊಡೆದು ಆಮೇಲೆ ಲೋಹವನ್ನಷ್ಟೇ ಕೆರೆದು ತೆಗೆಯುವುದುಂಟು. ಇವರು ಕೆರೆಯುವ ಕೆಲಸ ನನಗೆ ಬಿಟ್ಟಿದ್ದರು. ಒಟ್ಟು 20 ಫ್ರೆಟ್. ಬ್ಲೇಡ್ ಹಿಡಿದು ಎರಡು ಭಾನುವಾರ ಕೂತೆ.

ಫ್ರೆಟ್ ಇರುವ ಬೋರ್ಡ್‌ಗೆ ಯಾವುದೇ ಗಟ್ಟಿ ಕೋಟ್ ಹಾಕುವ ಮುಂಚೆ ಇದನ್ನು ಯೋಚಿಸಿ: ತೆಗೆಯುವುದು ಹಾಕುವುದಕ್ಕಿಂತ ಹತ್ತು ಪಟ್ಟು ಕಷ್ಟ. ಮುಂದೆ ಫ್ರೆಟ್ ಸವೆದು ಬದಲಿಸಬೇಕಾದಾಗ, ಕಿತ್ತರೆ ಪಕ್ಕದ ಕೋಟ್ ಚಕ್ಕೆ ಏಳುತ್ತೆ. ಅಂಚನ್ನು ಮೊದಲು ಬ್ಲೇಡಲ್ಲಿ ಗೀರಿಕೊಂಡು ಕೀಳಬೇಕು. ವಾರಂಟಿ ಇದ್ದರೆ ಅದೂ ಹೋಯಿತು ಅಂತಲೇ ಲೆಕ್ಕ. ಮಾರುವಾಗ ಕೊಳ್ಳುವವನು "ಇದ್ಯಾಕೆ ಹಿಂಗೆ ಹೊಳೀತೈತಿ?" ಅಂತ ಅನುಮಾನ ಪಡುತ್ತಾನೆ.

ಮತ್ತೆ ಬೆವರು. ಗ್ಲಾಸಿ ಮೈಗೆ ಬೆವರಿದ ಬೆರಳು ಅಂಟುತ್ತೆ. ಸ್ಟೇಜ್ ಲೈಟಿಗೆ ಬೆರಳಚ್ಚು ಪೊಲೀಸ್ ಫೈಲಿನ ಹಾಗೆ ಎದ್ದು ಕಾಣುತ್ತೆ.

ಫ್ರೆಟ್‌ಲೆಸ್‌ಗೆ: ಸೂಪರ್ ಗ್ಲೂನಾ, ಎಪಾಕ್ಸಿನಾ?

ಇಲ್ಲಿ ಮಾತ್ರ ನಾನು ಕೋಟ್ ಪಕ್ಷ. ಹಳೇ ಬೇಸ್‌ನ ಫ್ರೆಟ್ ಕಿತ್ತು, ಆ ಸೀಳಿಗೆ ತೆಳು ಮರದ ಪಟ್ಟಿ ಕೂರಿಸಿ ಫ್ರೆಟ್‌ಲೆಸ್ ಮಾಡಿಕೊಂಡೆ. ಹರಿಹರದ ನನ್ನ ಗೆಳೆಯನೂ ಅದೇ ಹೊತ್ತಿಗೆ ಮಾಡಿಕೊಂಡ. ಅವನು ಸೂಪರ್ ಗ್ಲೂ ಹಿಡಿದ, ನಾನು ಎಪಾಕ್ಸಿ. ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಸಿಕ್ಕಿತು.

ಎರಡಕ್ಕೂ ತಯಾರಿ ಒಂದೇ. ಬೋರ್ಡ್‌ನ ಎಣ್ಣೆಯನ್ನು ಅಸಿಟೋನ್‌ನಲ್ಲಿ ಒರೆಸಬೇಕು, ಬಟ್ಟೆಗೆ ಬಣ್ಣ ಬರುವುದು ಕಡಿಮೆಯಾಗುವ ತನಕ. ಅಸಿಟೋನ್ ಪ್ಲಾಸ್ಟಿಕ್ ಚುಕ್ಕೆ, ಬೈಂಡಿಂಗ್, ಬಾಡಿ ಪೇಂಟ್ ಎಲ್ಲವನ್ನೂ ತಿನ್ನುತ್ತೆ, ಹುಷಾರು. ಪಕ್ಕಗಳಿಗೆ, ನಟ್‌ಗೆ (ಬೋರ್ಡಿನ ತಲೆಯ ಕಡೆ ತಂತಿ ಕೂರುವ ಪುಟ್ಟ ಪಟ್ಟಿ) ಟೇಪ್. ಬೋರ್ಡ್ ಚಪ್ಪಟೆ ಇರಲ್ಲ, ಸ್ವಲ್ಪ ಉಬ್ಬಿರುತ್ತೆ. ಪೇಪರ್ ಸುತ್ತಿ ಉಜ್ಜಲು ಆ ಉಬ್ಬಿಗೆ ಹೊಂದುವ ಮರದ ಬ್ಲಾಕ್ ಬೇಕು. ಬಡಗಿಯ ಹತ್ತಿರ ಒಂದು ತುಂಡು ಮಾಡಿಸಿ. ಅಥವಾ ಬೋರ್ಡ್ ಮೇಲೆ ಸ್ಯಾಂಡ್ ಪೇಪರ್ ಮುಖ ಮೇಲಾಗಿ ಅಂಟಿಸಿ, ಬ್ಲಾಕನ್ನು ಅದರ ಮೇಲೇ ಉದ್ದಕ್ಕೆ ಉಜ್ಜಿದರೆ ಅದೇ ಆಕಾರ ತಾನೇ ಬರುತ್ತೆ. ಈ ಉಪಾಯ ಗೆಳೆಯನದ್ದು.

ಸೂಪರ್ ಗ್ಲೂಗೆ ಫೆವಿಕ್ವಿಕ್‌ನ ಪುಟ್ಟ ಟ್ಯೂಬ್ ಸಾಲದು. ಬೋರ್ಡ್ ಸುಮಾರು ಎರಡು ಅಡಿ ಉದ್ದ. ದೊಡ್ಡ ಬಾಟಲಿಯೇ ಬೇಕು, ನೀರಿನಂಥ ತೆಳುವಿನದು ಮೊದಲಿಗೆ, ಸ್ವಲ್ಪ ಮಂದದ್ದು ಆಮೇಲೆ. ಮೂರು ಇಂಚು ಜಾಗಕ್ಕೆ ಸುರಿದು ಪ್ಲಾಸ್ಟಿಕ್ ಕಾರ್ಡಿನಲ್ಲಿ ಎಳೆಯಬೇಕು, ಮತ್ತೆ ಮೂರು ಇಂಚು. ತೆಳು ಅಂಟು ಮರದ ತೂತಿಗೆ ಸರ್ರನೆ ಇಳಿಯುತ್ತೆ. ಕೋಟ್ ಮೇಲೆ ಕೋಟ್, ನಡುವೆ 320ರ ಪೇಪರ್. ಗೆಳೆಯ ಹತ್ತು ಹನ್ನೆರಡು ಕೋಟ್ ಹಾಕಿದ. ಹೊಗೆ ಕಣ್ಣಿಗೆ ಈರುಳ್ಳಿಗಿಂತ ಜೋರು, ಬಾಗಿಲು ಕಿಟಕಿ ತೆರೆದಿರಲಿ. ಇನ್ನೊಂದು, ಹತ್ತಿ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ. ಹತ್ತಿಗೆ ಈ ಅಂಟು ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತೆ, ಹೊಗೆಯೂ ಏಳುತ್ತೆ.

ಲಾಭ ಏನಂದರೆ, ತಪ್ಪಾದರೆ ಅಲ್ಲಿಗಷ್ಟೇ ತೇಪೆ ಹಾಕಬಹುದು. ಎರಡು ವರ್ಷದ ನಂತರ ತಂತಿ ಗೆರೆ ಬಿದ್ದರೆ ಅಲ್ಲಿಗೆ ಎರಡು ಹನಿ, ಉಜ್ಜು, ಮುಗಿಯಿತು. ಹಳೇದು ಹೊಸದು ಒಂದಕ್ಕೊಂದು ಬೆಸೆದುಕೊಳ್ಳುತ್ತೆ.

ಎಪಾಕ್ಸಿಯಲ್ಲಿ ಕೋಟ್ ಕಡಿಮೆ, ಕಾಯುವುದು ಜಾಸ್ತಿ. ಬೋರ್ಡ್‌ನ ಸುತ್ತ ಟೇಪ್‌ನಲ್ಲಿ ಕಟ್ಟೆ ಕಟ್ಟಿ, ರೆಸಿನ್, ಹಾರ್ಡನರ್ ಎರಡನ್ನೂ ಅಳತೆ ಪ್ರಕಾರ ಕಲಸಿ ಸುರಿದರೆ ತಾನೇ ಸಮನಾಗುತ್ತೆ. ಅಂದಾಜಲ್ಲಿ ಕಲಸಿದರೆ ಜನ್ಮದಲ್ಲಿ ಗಟ್ಟಿಯಾಗಲ್ಲ, ತೂಕದ ಮಷಿನ್ ಇಟ್ಟುಕೊಳ್ಳಿ. ಗುಳ್ಳೆ ಬಂದರೆ ಹೇರ್ ಡ್ರೈಯರ್ ತೋರಿಸಿ. ನಮ್ಮ ಬೇಸಿಗೆಯಲ್ಲಿ ಕಲಸಿದ ಕಪ್ಪಿನಲ್ಲೇ ಬೇಗ ಗಟ್ಟಿಯಾಗುತ್ತೆ, ಬೆಳಗ್ಗೆ ಬೇಗ ಸುರಿಯಿರಿ. ಕರಕುಶಲದವರು ಬಳಸುವ ಆರ್ಟ್ ರೆಸಿನ್ ಎಲ್ಲ ಕಡೆ ಸಿಗುತ್ತೆ, ಆದರೆ ಕೆಲವು ಮೆತ್ತಗೆ. ತುಂಡಿನ ಮೇಲೆ ಉಗುರು ಪರೀಕ್ಷೆ ಮಾಡದೆ ಕೊಳ್ಳಬೇಡಿ. ಪದರ ದಪ್ಪ ಇರುವುದರಿಂದ ತಂತಿ ಎತ್ತರ ಕಮ್ಮಿಯಾಗುತ್ತೆ, ನಟ್ ಏರಿಸಬೇಕಾಗಬಹುದು. ಫ್ರೆಟ್ ಇರುವ ಬೋರ್ಡ್‌ಗೆ ಎಪಾಕ್ಸಿ ಸುರಿದರೆ ಫ್ರೆಟ್ಟೇ ಮುಳುಗುತ್ತೆ, ಅದು ಬಿಡಿ.

ಎರಡಕ್ಕೂ ಕೊನೆಗೆ ಆ ಉಬ್ಬಿನ ಬ್ಲಾಕಿಗೆ ಸುತ್ತಿ, ನೀರು ಹಾಕಿ 600ರಿಂದ 2000ದ ತನಕ ವಾಟರ್ ಪೇಪರ್, ಆಮೇಲೆ ಕಾರಿನ ರಬ್ಬಿಂಗ್ ಕಾಂಪೌಂಡ್.

ಸದ್ದಿನಲ್ಲಿ? ಎಪಾಕ್ಸಿಯದ್ದು ಒಂದು ಕೂದಲೆಳೆ ಜಾಸ್ತಿ ಗಾಜಿನಂತೆ ಅನ್ನಿಸಿತು. ಗೆಳೆಯ ಒಪ್ಪಲ್ಲ. ಕಣ್ಣು ಮುಚ್ಚಿ ಕೇಳಿದಾಗ ನಾನೂ ಎರಡು ಸಲ ತಪ್ಪು ಹೇಳಿದೆ. ಮೊದಲ ಸಲ ಮಾಡುವವರಿಗೆ ಸೂಪರ್ ಗ್ಲೂ ಅನ್ನುತ್ತೇನೆ, ತೇಪೆ ಹಾಕಬಹುದು ಅನ್ನುವ ಒಂದೇ ಕಾರಣಕ್ಕೆ. ಕೋಟ್‌ನ ರಗಳೆಯೇ ಬೇಡ ಅಂದರೆ ಫ್ಲಾಟ್‌ವೂಂಡ್ ತಂತಿ ಹಾಕಿ, ಅದರ ಮೈ ನುಣುಪು, ಬರೀ ಮರವೂ ವರ್ಷಗಟ್ಟಲೆ ಬಾಳುತ್ತೆ. ಸದ್ದು ಮಾತ್ರ ಮೆತ್ತಗಾಗುತ್ತೆ.

ಎಪಾಕ್ಸಿಯೇ ಬೇಕು ಅಂತ ಹಟ ಇದ್ದರೆ ತಂತಿ ಹಾಕುವ ಮುಂಚೆ ಪೂರ್ತಿ ಒಂದು ವಾರ ಬಿಡಿ. ಮೇಲೆ ಮುಟ್ಟಿದರೆ ಮಾರನೇ ದಿನವೇ ಗಟ್ಟಿ ಅನ್ನಿಸುತ್ತೆ, ಒಳಗೆ ಆಗಿರಲ್ಲ. ನನಗೆ ಶನಿವಾರ ಒಂದು ಮದುವೆ ಪ್ರೋಗ್ರಾಂ ಇತ್ತು. ನಾಲ್ಕನೇ ದಿನಕ್ಕೇ ತಂತಿ ಕಟ್ಟಿ, ಶ್ರುತಿ ಮಾಡಿ, ಬ್ಯಾಗಿಗೆ ಹಾಕಿದೆ. ಬ್ಯಾಗಿನ ಮೇಲೆ ಯಾರೋ ಕೀಬೋರ್ಡ್ ಸ್ಟ್ಯಾಂಡ್ ಇಟ್ಟಿದ್ದರು. ಈಗಲೂ ನಟ್ ಪಕ್ಕದಲ್ಲಿ ಬೆರಳಾಡಿಸಿದರೆ ನಾಲ್ಕು ಸಣ್ಣ ಗೆರೆ ಸಿಗುತ್ತೆ, ಇ ತಂತಿಯದ್ದು ಎಲ್ಲಕ್ಕಿಂತ ಆಳ.